ಡೇಟಾ ಸೈನ್ಸ್ ವೃತ್ತಿ: ಬೇಡಿಕೆ, ಅರ್ಹತೆ ಮತ್ತು ನೇಮಕಾತಿಯ ಮಾನದಂಡ

ಡೇಟಾ ಸೈಂಟಿಸ್ಟ್ ಎಂಬ ಹುದ್ದೆ ಕಂಪನಿಗಳಲ್ಲಿ ಬಳಕೆಗೆ ಬಂದದ್ದು 2008ರ ಸುಮಾರಿಗೆ. ಲಿಂಕ್ಡ್‌ಇನ್‌ನಲ್ಲಿದ್ದ ಡಿ.ಜೆ. ಪಾಟೀಲ್ ಮತ್ತು ಫೇಸ್‌ಬುಕ್‌ನಲ್ಲಿದ್ದ ಜೆಫ್ ಹ್ಯಾಮರ್‌ಬಾಕರ್ ತಮ್ಮ ತಂಡಗಳಿಗೆ ಜನರನ್ನು ಸೇರಿಸಿಕೊಳ್ಳುವಾಗ ಆ ಹೆಸರನ್ನು ಆರಿಸಿಕೊಂಡರು. 2012ರ ಅಕ್ಟೋಬರ್‌ನಲ್ಲಿ ಪಾಟೀಲ್ ಮತ್ತು ಥಾಮಸ್ ಡೇವನ್‌ಪೋರ್ಟ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನ ಅದನ್ನು 21ನೇ ಶತಮಾನದ ಅತಿ ಆಕರ್ಷಕ ಉದ್ಯೋಗವೆಂದು ಸಾರಿತು. ಅಲ್ಲಿಂದ ಮುಂದೆ ಹುದ್ದೆಗೂ ಅದಕ್ಕೆ ತಯಾರು ಮಾಡುವ ಕೋರ್ಸುಗಳಿಗೂ ಒಟ್ಟೊಟ್ಟಿಗೆ ಬೇಡಿಕೆ ಏರಿತು. ಅಮೆರಿಕ ಸರ್ಕಾರ 2018ರಲ್ಲಿ ಪರಿಷ್ಕರಿಸಿದ ಉದ್ಯೋಗ ವರ್ಗೀಕರಣದಲ್ಲಿ ಡೇಟಾ ಸೈಂಟಿಸ್ಟ್‌ಗೆ ಪ್ರತ್ಯೇಕ ಸ್ಥಾನ ಸಿಕ್ಕಿತು.

ಕೆಲಸ ಮಾತ್ರ ಅದಕ್ಕಿಂತ ಬಹಳ ಹಿಂದಿನದು. ದತ್ತಾಂಶದ ವಿಶ್ಲೇಷಣೆ ಗಣಿತೀಯ ಸಂಖ್ಯಾಶಾಸ್ತ್ರದ ಒಂದು ಮೂಲೆಯಲ್ಲ, ತನ್ನದೇ ಆದ ವಿಶಾಲ ವಿದ್ಯೆ ಎಂದು ಅಮೆರಿಕದ ಜಾನ್ ಟ್ಯೂಕಿ 1962ರಲ್ಲೇ ವಾದಿಸಿದ್ದರು. ಭಾರತದಲ್ಲಿ ಪಿ.ಸಿ. ಮಹಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿ, ಬಂಗಾಳದ ಸೆಣಬಿನ ಬೆಳೆಯ ಅಂದಾಜಿನಿಂದ ಹಿಡಿದು ದೇಶದ ಮಾದರಿ ಸಮೀಕ್ಷೆಗಳವರೆಗೆ ಈ ವಿದ್ಯೆಯನ್ನು ಹೊಲಕ್ಕೂ ಮನೆಬಾಗಿಲಿಗೂ ಒಯ್ದರು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಗಣಿತದ ಎಂ.ಎ. ಮುಗಿಸಿ, ಸೇನೆಯ ಸರ್ವೇ ಘಟಕವೊಂದರಲ್ಲಿ ಗಣಿತಜ್ಞನ ಹುದ್ದೆಗೆ ಪ್ರಯತ್ನಿಸಲು ಕೋಲ್ಕತ್ತಕ್ಕೆ ಹೋದರು. ಆ ಕೆಲಸ ಕೈಗೆ ಬರಲಿಲ್ಲ. 1941ರಲ್ಲಿ ಮಹಲನೋಬಿಸ್ ಅವರ ಸಂಸ್ಥೆಯಲ್ಲಿ ತರಬೇತಿಗೆ ಸೇರಿದರು. 1945ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೈಯಲ್ಲಿರುವ ದತ್ತಾಂಶದಿಂದ ಮಾಡುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಿರಬಲ್ಲದು ಎಂಬುದಕ್ಕೆ ಅವರು ಒಂದು ಮೇರೆಯನ್ನು ತೋರಿಸಿದರು. ಜಗತ್ತು ಅದನ್ನು ಕ್ರಾಮರ್–ರಾವ್ ಮಿತಿ ಎನ್ನುತ್ತದೆ. 2023ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು.

ದತ್ತಾಂಶ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬ ವಿವೇಚನೆಯೇ ಈ ವೃತ್ತಿಯ ತಿರುಳು. ಸಾಫ್ಟ್‌ವೇರ್ ಬದಲಾದರೂ ಅದು ಬದಲಾಗಿಲ್ಲ. ಆದರೆ ಇಂದಿನ ನೇಮಕಾತಿಯ ಮಾನದಂಡಗಳು ಬಹುಪಾಲು ಅಳೆಯುತ್ತಿರುವುದು ಈ ವಿವೇಚನೆಯನ್ನಲ್ಲ, ಉಪಕರಣಗಳ ಪರಿಚಯವನ್ನು. ಉದ್ಯೋಗದ ಅವಕಾಶ ಮತ್ತು ಅರ್ಹತೆಯ ನಡುವೆ ಇಂದು ಕಾಣುವ ಗೊಂದಲಕ್ಕೆ ಮುಖ್ಯ ಕಾರಣ ಇದೇ.

ಡೇಟಾ ಸೈನ್ಸ್ ಎಂಬ ಒಂದು ಹೆಸರಿನಡಿ ಕನಿಷ್ಠ ನಾಲ್ಕು ಬಗೆಯ ಕೆಲಸಗಳಿವೆ. ಡೇಟಾ ಅನಲಿಸ್ಟ್ ಇರುವ ದತ್ತಾಂಶವನ್ನು ಪ್ರಶ್ನಿಸಿ, ಮಾರಾಟ ಏಕೆ ಇಳಿಯಿತು, ಯಾವ ಜಿಲ್ಲೆಯಲ್ಲಿ ದೂರು ಹೆಚ್ಚಿದೆ ಎಂಬಂಥ ಉತ್ತರ ಕೊಡುತ್ತಾರೆ. ದತ್ತಾಂಶ ಹರಿದು ಬರುವ ದಾರಿಯನ್ನು ಕಟ್ಟಿ, ಅದು ಕೆಡದಂತೆ ನೋಡಿಕೊಳ್ಳುವುದು ಡೇಟಾ ಎಂಜಿನಿಯರ್ ಕೆಲಸ. ಡೇಟಾ ಸೈಂಟಿಸ್ಟ್ ಎನಿಸಿಕೊಂಡವರು ಪ್ರಯೋಗ ರೂಪಿಸುತ್ತಾರೆ, ಮುನ್ನಂದಾಜಿನ ಮಾಡೆಲ್ ಕಟ್ಟುತ್ತಾರೆ, ಅದರ ಅನಿಶ್ಚಿತತೆಯನ್ನು ಲೆಕ್ಕ ಹಾಕುತ್ತಾರೆ. ಆ ಮಾಡೆಲನ್ನು ಲಕ್ಷಾಂತರ ಬಳಕೆದಾರರ ಮುಂದೆ ಓಡುವಂತೆ ಮಾಡುವವರು ಮಷೀನ್ ಲರ್ನಿಂಗ್ ಎಂಜಿನಿಯರ್. ಜಾಹೀರಾತುಗಳು ಈ ಗಡಿಗಳನ್ನು ಪಾಲಿಸುವುದಿಲ್ಲ. ಡೇಟಾ ಸೈಂಟಿಸ್ಟ್ ಬೇಕೆಂದು ಕರೆದು, ಸೇರಿದ ಮೇಲೆ ವಾರದ ವರದಿಗಳ ಎಕ್ಸೆಲ್ ಹಾಳೆ ತಯಾರಿಸಲು ಹಚ್ಚುವ ಕಚೇರಿಗಳೂ ಇವೆ. ಅನಲಿಸ್ಟ್ ಎಂಬ ಹೆಸರಿನಲ್ಲಿ ಗಂಭೀರ ಸಂಖ್ಯಾಶಾಸ್ತ್ರದ ಕೆಲಸ ಕೊಡುವ ಕಚೇರಿಗಳೂ ಇವೆ. ಅರ್ಜಿ ಹಾಕುವವರು ಹುದ್ದೆಯ ಹೆಸರಿಗಿಂತ ಕೆಲಸದ ವಿವರಣೆಯನ್ನು ಓದುವುದೇ ಲೇಸು.

ಈ ನಾಲ್ಕರ ಕೆಳಗೆ ಹೆಚ್ಚು ಮಂದಿ ಗಮನಿಸದ ಐದನೆಯ ಕೆಲಸವಿದೆ: ಚಿತ್ರ, ಧ್ವನಿ, ಬರಹಗಳಿಗೆ ಗುರುತು ಹಚ್ಚಿ ಯಂತ್ರ ಕಲಿಯುವುದಕ್ಕೆ ಬೇಕಾದ ದತ್ತಾಂಶವನ್ನು ತಯಾರಿಸುವುದು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡದ ಧ್ವನಿಮುದ್ರಣ ಮಾಡಿಸಿ, ಅದಕ್ಕೆ ಸಂಭಾವನೆ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿದೆ. ಕನ್ನಡವನ್ನು ಅರ್ಥಮಾಡಿಕೊಳ್ಳುವ ಯಾವ ಯಂತ್ರವೂ ಇಂಥ ದುಡಿಮೆಯಿಲ್ಲದೆ ತಯಾರಾಗದು. ಕಲಬುರಗಿಯ ಮಾತಿಗೂ ಕುಂದಾಪುರದ ಮಾತಿಗೂ ಇರುವ ಅಂತರವನ್ನು ಬಲ್ಲ ಭಾಷಾಪದವೀಧರರಿಗೆ ಇಲ್ಲಿ ನಿಜವಾದ ಪಾತ್ರವಿದೆ. ಅದನ್ನು ಕೀಳು ಕೆಲಸವೆಂದು ಬದಿಗಿಡುವುದು ತಪ್ಪು.

ಇನ್ನು ಬೇಡಿಕೆಯ ಮಾತು. ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಇಲಾಖೆ 2023ರಿಂದ 2033ರ ನಡುವಿನ ದಶಕದಲ್ಲಿ ಡೇಟಾ ಸೈಂಟಿಸ್ಟ್ ಹುದ್ದೆಗಳು ಶೇ. 36ರಷ್ಟು ಬೆಳೆಯುತ್ತವೆಂದು ಅಂದಾಜಿಸಿತು. ಎಲ್ಲ ಉದ್ಯೋಗಗಳ ಸರಾಸರಿ ಬೆಳವಣಿಗೆಯ ಅಂದಾಜು ಕೇವಲ ಶೇ. 4. ಕೋರ್ಸು ಮಾರುವವರ ಜಾಹೀರಾತುಗಳು ಈ ಶೇ. 36ನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ಅದೇ ಇಲಾಖೆಯ ಅದೇ ವರ್ಷದ ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2023ರಲ್ಲಿ ಅಮೆರಿಕದಲ್ಲಿದ್ದ ಡೇಟಾ ಸೈಂಟಿಸ್ಟ್ ಹುದ್ದೆಗಳು ಸುಮಾರು 2 ಲಕ್ಷ, ಅದರ ಶೇ. 36 ಎಂದರೆ ಹತ್ತು ವರ್ಷಗಳಲ್ಲಿ 73,000ದಷ್ಟು ಹೊಸ ಹುದ್ದೆ. ಸಾಫ್ಟ್‌ವೇರ್ ಡೆವಲಪರ್ ಮತ್ತು ಪರೀಕ್ಷಕರ ಬೆಳವಣಿಗೆಯ ಅಂದಾಜು ಶೇ. 17 ಮಾತ್ರ. ಆದರೆ ಅವರ ಸಂಖ್ಯೆ ಸುಮಾರು 19 ಲಕ್ಷವಾದ್ದರಿಂದ ಅಲ್ಲಿ ಹುಟ್ಟುವ ಹೊಸ ಹುದ್ದೆಗಳು ಮೂರು ಲಕ್ಷ ಮೀರುತ್ತವೆ. ಶೇಕಡಾವಾರು ಬೆಳವಣಿಗೆ ಯಾವ ಬುನಾದಿಯ ಮೇಲೆ ಎಂದು ಕೇಳುವುದು ಈ ವೃತ್ತಿಯ ಮೊದಲ ಪಾಠ. ವೃತ್ತಿಗೆ ಹೊರಟವರು ಅದನ್ನು ಮೊದಲು ಈ ಜಾಹೀರಾತಿಗೇ ಅನ್ವಯಿಸಬೇಕು.

ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿಯಲ್ಲೂ ಇದೇ ಚಿತ್ರ. ಶೇಕಡಾವಾರು ಲೆಕ್ಕದಲ್ಲಿ ಅತಿವೇಗವಾಗಿ ಬೆಳೆಯುವ ಉದ್ಯೋಗಗಳ ಪಟ್ಟಿಯ ತುದಿಯಲ್ಲಿ ಬಿಗ್ ಡೇಟಾ ತಜ್ಞರಿದ್ದಾರೆ. ಒಟ್ಟು ಸಂಖ್ಯೆಯ ಲೆಕ್ಕದಲ್ಲಿ ಅತಿಹೆಚ್ಚು ಬೆಳೆಯುವವು ಕೃಷಿ ಕಾರ್ಮಿಕರು, ಡೆಲಿವರಿ ಚಾಲಕರು, ಕಟ್ಟಡ ಕಾರ್ಮಿಕರ ಕೆಲಸಗಳು. ಎರಡೂ ನಿಜ.

ಭಾರತದಲ್ಲಿ ಈ ಹುದ್ದೆಗಳ ದೊಡ್ಡ ಪಾಲು ಬರುತ್ತಿರುವುದು ಬಹುರಾಷ್ಟ್ರೀಯ ಕಂಪನಿಗಳು ಇಲ್ಲಿ ತೆರೆದಿರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಂದ. ಉದ್ಯಮದ ಮಂದಿ ಜಿಸಿಸಿ ಎಂದು ಕರೆಯುವ ಈ ಕೇಂದ್ರಗಳ ಸಂಖ್ಯೆ 2024ರ ಆರ್ಥಿಕ ವರ್ಷದಲ್ಲಿ ದೇಶದಲ್ಲಿ 1,700 ದಾಟಿತ್ತು, ಅವುಗಳಲ್ಲಿ ದುಡಿಯುವವರು 19 ಲಕ್ಷದಷ್ಟಿದ್ದರು. ಬೇರೆಲ್ಲ ನಗರಗಳಿಗಿಂತ ಬೆಂಗಳೂರಿನಲ್ಲೇ ಇವು ಹೆಚ್ಚು. 2024ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಇವುಗಳಿಗೆಂದೇ ನೀತಿಯೊಂದನ್ನು ರೂಪಿಸಿ, 2029ರೊಳಗೆ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿತು. ಬ್ಯಾಂಕಿನ ವಂಚನೆ ಪತ್ತೆ, ವಿಮೆಯ ಅಪಾಯದ ಲೆಕ್ಕ, ಸೂಪರ್‌ಮಾರ್ಕೆಟ್ ಸರಪಳಿಗಳ ದಾಸ್ತಾನು, ಔಷಧ ಪ್ರಯೋಗಗಳ ವಿಶ್ಲೇಷಣೆ ಇಂಥ ಕೇಂದ್ರಗಳಲ್ಲಿ ನಡೆಯುತ್ತವೆ. ಇವುಗಳ ಜೊತೆಗೆ ವಿಶ್ಲೇಷಣೆಯನ್ನೇ ಕಸುಬು ಮಾಡಿಕೊಂಡ ದೇಶೀಯ ಕಂಪನಿಗಳ ಸಾಲಿದೆ: 2000ದಲ್ಲಿ ಮುಂಬೈಯಲ್ಲಿ ಹುಟ್ಟಿದ ಫ್ರ್ಯಾಕ್ಟಲ್, 2004ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ಬೆಳೆದ ಮ್ಯು ಸಿಗ್ಮಾ, 2006ರ ಚೆನ್ನೈನ ಲೇಟೆಂಟ್‌ವ್ಯೂ. ಹೊಸ ಪದವೀಧರರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡು ಪಳಗಿಸುವ ಪರಿಪಾಠವನ್ನು ಬೆಳೆಸಿದ್ದು ಈ ಬಗೆಯ ಕಂಪನಿಗಳೇ.

ಈ ಬೆಳವಣಿಗೆ ಎಡೆಬಿಡದೆ ಸಾಗಿಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11,000, 2023ರ ಜನವರಿಯಲ್ಲಿ ಗೂಗಲ್ 12,000, ಅಮೆಜಾನ್ 18,000 ಮಂದಿಯನ್ನು ತೆಗೆಯುವುದಾಗಿ ಪ್ರಕಟಿಸಿದವು. ಆಗ ಕೆಲಸ ಕಳೆದುಕೊಂಡ ಅನುಭವಿಗಳು ಹೊಸಬರ ಜೊತೆಗೆ ಅದೇ ಸಾಲಿನಲ್ಲಿ ನಿಂತರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಹೊಸಬರಿಗೆ ಕೊಡುತ್ತಿದ್ದ ಬಿಡಿ ಕೆಲಸಗಳು — ಚಿಕ್ಕ ಪೈಥಾನ್ ಸ್ಕ್ರಿಪ್ಟ್, ಮೊದಲ ಹಂತದ ಚಾರ್ಟು, ವರದಿಯ ಕರಡು — ಯಂತ್ರದಿಂದ ನಿಮಿಷಗಳಲ್ಲಿ ಸಿಗತೊಡಗಿದವು. ಹೀಗಾಗಿ ಅನುಭವಿಗಳಿಗೆ ಕಂಪನಿಗಳು ಪೈಪೋಟಿ ನಡೆಸುವ ಹೊತ್ತಿನಲ್ಲೇ ಮೊದಲ ಕೆಲಸದ ಬಾಗಿಲು ಕಿರಿದಾಗಿದೆ. ಡೇಟಾ ಸೈನ್ಸ್‌ಗೆ ಭವಿಷ್ಯವಿದೆಯೇ ಎಂಬ ಪ್ರಶ್ನೆಗೆ ಎರಡು ವರ್ಷದ ಅನುಭವವಿರುವವರಿಗೂ ಇಂದು ಪದವಿ ಮುಗಿಸಿದವರಿಗೂ ಒಂದೇ ಉತ್ತರ ಕೊಡಲಾಗದು.

ಆ ಕಿರಿದಾದ ಬಾಗಿಲ ಮುಂದೆ ನಿಂತವರ ಸಂಖ್ಯೆಯಂತೂ ಬಹಳ ಹೆಚ್ಚಿದೆ. ಐಐಟಿ ಹೈದರಾಬಾದ್ 2019ರಲ್ಲಿ ಕೃತಕ ಬುದ್ಧಿಮತ್ತೆಯಲ್ಲಿ ಬಿ.ಟೆಕ್. ಆರಂಭಿಸಿತು. ಐಐಟಿ ಮದ್ರಾಸ್ 2020ರಲ್ಲಿ, ಜೆಇಇ ಬರೆಯದವರಿಗೂ ಅವಕಾಶವಿರುವ ಆನ್‌ಲೈನ್ ಪದವಿಯನ್ನು ಪ್ರೋಗ್ರಾಮಿಂಗ್ ಮತ್ತು ಡೇಟಾ ಸೈನ್ಸ್‌ನಲ್ಲಿ ತೆರೆಯಿತು. ಊರು ಬಿಡಲಾಗದವರಿಗೆ, ಕೆಲಸ ಮಾಡುತ್ತಲೇ ಓದುವವರಿಗೆ ಇದೊಂದು ದೊಡ್ಡ ಉಪಕಾರ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಅದೇ ಕಾಲದಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಡೇಟಾ ಸೈನ್ಸ್ ಶಾಖೆಗಳು ಸಾಲುಸಾಲಾಗಿ ಆರಂಭವಾದವು. ಅನೇಕ ಕಡೆ ಶಾಖೆಯ ಹೆಸರು ಹೊಸದು, ಪಾಠ ಹೇಳುವವರು ಕಂಪ್ಯೂಟರ್ ಸೈನ್ಸ್ ವಿಭಾಗದ ಅದೇ ಅಧ್ಯಾಪಕರು. ಸಂಖ್ಯಾಶಾಸ್ತ್ರ ಒಂದು ಸೆಮಿಸ್ಟರಿನ ಒಂದು ಪತ್ರಿಕೆಗೆ ಸೀಮಿತ. ಇದರ ಮೇಲೆ ಖಾಸಗಿ ಸರ್ಟಿಫಿಕೇಟುಗಳ ರಾಶಿ. ಎಲ್ಲರ ಕೈಯಲ್ಲೂ ಒಂದೇ ಸರ್ಟಿಫಿಕೇಟು ಇದ್ದಾಗ ಅದು ಆಯ್ಕೆ ಮಾಡುವವರಿಗೆ ಏನನ್ನೂ ತಿಳಿಸುವುದಿಲ್ಲ.

ಹಾಗಾದರೆ ಅರ್ಹತೆ ಯಾವುದು? ಖಾಸಗಿ ವಲಯದಲ್ಲಿ ಇದಕ್ಕೆ ಒಪ್ಪಿತವಾದ ಬರಹರೂಪದ ಉತ್ತರವಿಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂಥ ನೋಂದಣಿ ಇಲ್ಲಿ ಇಲ್ಲ. ಆದರೂ ಅಳತೆಗೋಲುಗಳೇ ಇಲ್ಲವೆಂದಲ್ಲ. ಕಂಪ್ಯೂಟಿಂಗ್ ವಿದ್ವಾಂಸರ ಅಂತರರಾಷ್ಟ್ರೀಯ ಸಂಘ ಎಸಿಎಂ 2021ರಲ್ಲಿ ಡೇಟಾ ಸೈನ್ಸ್ ಪದವಿಗೆ ಬೇಕಾದ ಸಾಮರ್ಥ್ಯಗಳ ವಿವರವಾದ ಪಟ್ಟಿಯನ್ನು ಹೊರತಂದಿತು. ಬ್ರಿಟನ್ನಿನಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಮತ್ತಿತರ ವೃತ್ತಿಸಂಘಗಳು ಸೇರಿ ಡೇಟಾ ಸೈನ್ಸ್ ವೃತ್ತಿಪರರಿಗೆ ಸಮಾನ ಮಾನದಂಡ ಮತ್ತು ಪ್ರಮಾಣೀಕರಣ ತಂದಿವೆ. ಭಾರತದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸಿದ 2024ರ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆ ಮೊದಲ ಬಾರಿಗೆ ಸೇರಿತು. ಅದರ ಪಠ್ಯಕ್ರಮವನ್ನು ಒಮ್ಮೆ ಓದಿದರೆ ಸಾಕು, ಮಾರುಕಟ್ಟೆಯ ಗದ್ದಲದ ಹಿಂದಿರುವ ಗಟ್ಟಿ ವಿಷಯ ಯಾವುದೆಂದು ತಿಳಿಯುತ್ತದೆ: ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ರೇಖೀಯ ಬೀಜಗಣಿತ, ಕಲನಶಾಸ್ತ್ರ ಮತ್ತು ಗರಿಷ್ಠ–ಕನಿಷ್ಠಗಳ ಲೆಕ್ಕ, ಪ್ರೋಗ್ರಾಮಿಂಗ್ ಮತ್ತು ಅಲ್ಗಾರಿದಮ್, ಡೇಟಾಬೇಸ್, ಮಷೀನ್ ಲರ್ನಿಂಗ್, ಕೃತಕ ಬುದ್ಧಿಮತ್ತೆ. ಯಾವ ಕಂಪನಿಯ ಸಾಫ್ಟ್‌ವೇರಿನ ಹೆಸರೂ ಮುಖ್ಯವಲ್ಲ. ಊರಿನ ಪದವಿ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗೆ ದಿಕ್ಕು ಬೇಕಿದ್ದರೆ, ಹಣ ತೆತ್ತು ಪಡೆಯುವ ಯಾವ ಕೋರ್ಸಿಗಿಂತಲೂ ಈ ಪಠ್ಯಕ್ರಮ ನಂಬಿಕೆಗೆ ಯೋಗ್ಯ.

ಸರ್ಕಾರಿ ನೇಮಕಾತಿಯ ದಾರಿ ಇದಕ್ಕಿಂತ ಹಳೆಯದು, ಹೆಚ್ಚು ಸ್ಪಷ್ಟ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 100, ಸಾಮಾನ್ಯ ಅಧ್ಯಯನಕ್ಕೆ 100, ಸಂಖ್ಯಾಶಾಸ್ತ್ರದ ನಾಲ್ಕು ಪತ್ರಿಕೆಗಳಿಗೆ ತಲಾ 200, ಮೌಖಿಕ ಸಂದರ್ಶನಕ್ಕೆ 200 ಅಂಕ. ಪಠ್ಯಕ್ರಮ ಪ್ರಕಟಿತ, ಅಂಕ ಪ್ರಕಟಿತ, ಹಿಂದಿನ ಪ್ರಶ್ನೆಪತ್ರಿಕೆ ಎಲ್ಲರಿಗೂ ಲಭ್ಯ. ರಿಸರ್ವ್ ಬ್ಯಾಂಕು ತನ್ನ ಸಂಖ್ಯಾಶಾಸ್ತ್ರ ಮತ್ತು ಮಾಹಿತಿ ನಿರ್ವಹಣಾ ವಿಭಾಗಕ್ಕೆ ಗ್ರೇಡ್ ಬಿ ಅಧಿಕಾರಿಗಳನ್ನು ಪ್ರತ್ಯೇಕ ಪರೀಕ್ಷೆಯಿಂದ ಆರಿಸುತ್ತದೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಬೆಳೆ ಕಟಾವು ಪ್ರಯೋಗದಿಂದ ಬೆಲೆ ಸಂಗ್ರಹದವರೆಗೆ ತಾಲ್ಲೂಕು ಮಟ್ಟದಲ್ಲಿ ದತ್ತಾಂಶವನ್ನು ಕೈಯಾರೆ ಕಲೆಹಾಕುವ ಇಲಾಖೆ. ಸಂಖ್ಯಾಶಾಸ್ತ್ರದ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಓದಿದವರು ಈ ದಾರಿಗಳನ್ನು ಬೆಂಗಳೂರಿನ ಹೊಳಪಿನಲ್ಲಿ ಮರೆಯಬಾರದು. ಈ ಪರೀಕ್ಷೆಗಳಿಗೂ ಒಂದು ಕೊರತೆಯಿದೆ: ನಿಜವಾದ, ಅಸ್ತವ್ಯಸ್ತ ದತ್ತಾಂಶವನ್ನು ಕಂಪ್ಯೂಟರಿನ ಮುಂದೆ ಕೂತು ಪಳಗಿಸುವ ಶಕ್ತಿಯನ್ನು ಅವು ಹೆಚ್ಚು ಅಳೆಯುವುದಿಲ್ಲ.

ಖಾಸಗಿ ನೇಮಕಾತಿ ಸಾಮಾನ್ಯವಾಗಿ ನಾಲ್ಕೈದು ಸುತ್ತುಗಳಲ್ಲಿ ಸಾಗುತ್ತದೆ. ಮೊದಲನೆಯದು ರೆಸ್ಯೂಮೆ ಜರಡಿ. ಇಲ್ಲಿ ಯಂತ್ರವೋ, ನೇಮಕಾತಿ ಏಜೆನ್ಸಿಯ ಸಿಬ್ಬಂದಿಯೋ ಜಾಹೀರಾತಿನ ಪದಗಳನ್ನು ರೆಸ್ಯೂಮೆಯಲ್ಲಿ ಹುಡುಕುತ್ತಾರೆ. ಈ ಪದ್ಧತಿಯ ದೌರ್ಬಲ್ಯ ಜಾಹೀರಾತಿನಲ್ಲೇ ಇದೆ. 2020ರಲ್ಲಿ ಒಂದು ಜಾಹೀರಾತು ಫಾಸ್ಟ್‌ಎಪಿಐ ಎಂಬ ಉಪಕರಣದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿತ್ತು. ಅದನ್ನು ಸೃಷ್ಟಿಸಿದ ಸೆಬಾಸ್ಟಿಯನ್ ರಮಿರೆಜ್ ಅವರು, ತಾವು ಅದನ್ನು ರಚಿಸಿಯೇ ಒಂದೂವರೆ ವರ್ಷವಾಗಿರುವುದರಿಂದ ಆ ಕೆಲಸಕ್ಕೆ ತಾವೂ ಅನರ್ಹರೆಂದು ಬಹಿರಂಗವಾಗಿ ಹೇಳಿದರು. ಉಪಕರಣದ ಹೆಸರಿಗೆ ವರ್ಷಗಳನ್ನು ಜೋಡಿಸುವ ಅಭ್ಯಾಸ ಇಂದಿಗೂ ನಿಂತಿಲ್ಲ.

ಎರಡನೆಯ ಸುತ್ತು ಎಸ್‌ಕ್ಯೂಎಲ್ ಮತ್ತು ಪೈಥಾನ್ ಪರೀಕ್ಷೆ. ಇದು ಯಾಂತ್ರಿಕವೆಂದು ತೋರಬಹುದು. ಪ್ರಶ್ನೆ ಒಳ್ಳೆಯದಾಗಿದ್ದರೆ ಇಲ್ಲಿಯೇ ವಿವೇಚನೆ ಹೊರಬೀಳುತ್ತದೆ. ಒಂದು ಸಾಧಾರಣ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಗ್ರಾಹಕರದೊಂದು ಕೋಷ್ಟಕ, ಆರ್ಡರುಗಳದೊಂದು ಕೋಷ್ಟಕ. ಜನವರಿಯಲ್ಲಿ ನೋಂದಾಯಿಸಿದ ಗ್ರಾಹಕರು ಸರಾಸರಿ ಎಷ್ಟು ಆರ್ಡರ್ ಕೊಟ್ಟಿದ್ದಾರೆ? ನೋಂದಾಯಿಸಿದವರು 1,000 ಮಂದಿ, ಅವರಲ್ಲಿ ಆರ್ಡರ್ ಕೊಟ್ಟವರು 600, ಒಟ್ಟು ಆರ್ಡರುಗಳು 1,800 ಎಂದಿಟ್ಟುಕೊಳ್ಳೋಣ. ಅಭ್ಯರ್ಥಿ ಎರಡೂ ಕೋಷ್ಟಕಗಳನ್ನು ಇನ್ನರ್ ಜಾಯಿನ್ ಮಾಡಿದರೆ, ಎಂದರೆ ಎರಡರಲ್ಲೂ ಇರುವವರನ್ನಷ್ಟೇ ಉಳಿಸಿಕೊಂಡರೆ, ಆರ್ಡರ್ ಕೊಡದ 400 ಮಂದಿ ಸದ್ದಿಲ್ಲದೆ ಮಾಯವಾಗುತ್ತಾರೆ, ಸರಾಸರಿ 3 ಬರುತ್ತದೆ. ಎಲ್ಲ ಗ್ರಾಹಕರನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಮಾಡಿ ಸಾಲುಗಳನ್ನೆಲ್ಲ ಎಣಿಸಿದರೆ, ಆ 400 ಮಂದಿಯ ಖಾಲಿ ಸಾಲೂ ಒಂದೊಂದು ಆರ್ಡರ್ ಎಂದು ಲೆಕ್ಕಕ್ಕೆ ಸೇರಿ 2.2 ಬರುತ್ತದೆ. ಲೆಫ್ಟ್ ಜಾಯಿನ್ ಮಾಡಿ ಆರ್ಡರ್ ಸಂಖ್ಯೆ ಇರುವ ಸಾಲುಗಳನ್ನಷ್ಟೇ ಎಣಿಸಿದರೆ ಬರುವ 1.8 ಸರಿಯಾದ ಉತ್ತರ. ಮೂರೂ ಸಲ ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸುವುದಿಲ್ಲ. 3 ಎಂಬ ಉತ್ತರವನ್ನು ನಂಬಿದ ಕಂಪನಿ ತನ್ನ ವ್ಯಾಪಾರ ಚೆನ್ನಾಗಿದೆಯೆಂದು ತಿಳಿಯುತ್ತದೆ, ಹತ್ತರಲ್ಲಿ ನಾಲ್ವರು ಗ್ರಾಹಕರು ಏನನ್ನೂ ಕೊಳ್ಳದೆ ಹೋದದ್ದು ಅದಕ್ಕೆ ಕಾಣುವುದೇ ಇಲ್ಲ. ಉತ್ತರ ಬಂದ ಮೇಲೆ ಒಟ್ಟು ಗ್ರಾಹಕರ ಎಣಿಕೆ ಮೊದಲಿನಷ್ಟೇ ಇದೆಯೇ ಎಂದು ತಾನಾಗಿಯೇ ತಾಳೆ ನೋಡುವ ಅಭ್ಯರ್ಥಿಗೆ ಈ ವೃತ್ತಿಯ ಗುಣವಿದೆ.

ಮಾಡೆಲ್ ಕುರಿತ ಸುತ್ತಿನಲ್ಲೂ ಅಷ್ಟೇ. ಒಂದು ಲಕ್ಷ ವಹಿವಾಟುಗಳಲ್ಲಿ ನೂರು ವಂಚನೆಯವು ಎಂದಾದರೆ, ಯಾವುದೂ ವಂಚನೆಯಲ್ಲ ಎಂದು ಕಣ್ಣುಮುಚ್ಚಿ ಹೇಳುವ ಮಾಡೆಲ್ ಶೇ. 99.9 ನಿಖರ, ಹಿಡಿದುಕೊಟ್ಟ ವಂಚನೆ ಸೊನ್ನೆ. ಇನ್ನೂ ಸೂಕ್ಷ್ಮವಾದದ್ದು ಭವಿಷ್ಯದ ಮಾಹಿತಿ ಸೋರುವ ದೋಷ. ಸಾಲ ಮರುಪಾವತಿ ತಪ್ಪುವವರನ್ನು ಮುಂಚಿತವಾಗಿ ಗುರುತಿಸಬೇಕಾದ ಮಾಡೆಲಿನಲ್ಲಿ, ವಸೂಲಿ ವಿಭಾಗದಿಂದ ಹೋದ ಕರೆಗಳ ಸಂಖ್ಯೆ ಒಂದು ಅಂಕಣವಾಗಿ ಸೇರಿಕೊಂಡಿದ್ದರೆ ಫಲಿತಾಂಶ ಅದ್ಭುತವಾಗಿರುತ್ತದೆ. ಆದರೆ ಆ ಕರೆಗಳು ಹೋದದ್ದು ಕಂತು ತಪ್ಪಿದ ಮೇಲೆ. ಸಾಲ ಮಂಜೂರು ಮಾಡುವ ದಿನ ಆ ಅಂಕಣ ಖಾಲಿ. ಅಂಕಣಗಳ ಪಟ್ಟಿಯನ್ನು ನೋಡಿದೊಡನೆ ಇದು ಯಾವಾಗ ದಾಖಲಾಗುತ್ತದೆ, ಯಾರು ದಾಖಲಿಸುತ್ತಾರೆ ಎಂದು ಕೇಳುವ ಅಭ್ಯರ್ಥಿ, ಹತ್ತು ಅಲ್ಗಾರಿದಮ್‌ಗಳ ಹೆಸರು ಹೇಳುವವರಿಗಿಂತ ಮೇಲು. ಈ ಪ್ರಶ್ನೆಯನ್ನು ಕೇಳಲು ಸಾಲಕೊಡುವ ಬ್ಯಾಂಕಿನ ದಿನಚರಿ ಗೊತ್ತಿರಬೇಕು. ಆದ್ದರಿಂದಲೇ ಬ್ಯಾಂಕ್, ಆಸ್ಪತ್ರೆ, ಕೃಷಿ, ಸಾರಿಗೆಗಳಲ್ಲಿ ಕೆಲಸ ಮಾಡಿ ಬಂದವರು ತಡವಾಗಿ ಪೈಥಾನ್ ಕಲಿತರೂ ಈ ವೃತ್ತಿಯಲ್ಲಿ ಮುಂದೆ ಬರುತ್ತಾರೆ.

ಅಭ್ಯರ್ಥಿಗಳು ತೋರಿಸುವ ಯೋಜನೆಗಳ ವಿಷಯದಲ್ಲಿ ಇಲ್ಲೇ ಒಂದು ಮಾತು. 2010ರಲ್ಲಿ ಆರಂಭವಾಗಿ 2017ರಲ್ಲಿ ಗೂಗಲ್ ಪಾಲಾದ ಜಾಲತಾಣ ಕ್ಯಾಗಲ್‌ನ ಡೇಟಾ ಸೈನ್ಸ್ ಸ್ಪರ್ಧೆಗಳು ಸಾವಿರಾರು ಯುವಕರಿಗೆ ಕೈಪಳಗುವ ಅವಕಾಶ ಕೊಟ್ಟಿವೆ. ಅಲ್ಲಿ ಪ್ರಶ್ನೆಯೂ ಸಿದ್ಧ, ದತ್ತಾಂಶವೂ ಬಹುಮಟ್ಟಿಗೆ ಸಿದ್ಧ, ಅಳತೆಯೂ ನಿಗದಿ. ನಿಜವಾದ ಕೆಲಸದಲ್ಲಿ ಈ ಮೂರನ್ನೂ ತಾವೇ ಹುಡುಕಿಕೊಳ್ಳಬೇಕು. 2006ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಶಿಫಾರಸು ವ್ಯವಸ್ಥೆಯನ್ನು ಶೇ. 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. 2009ರಲ್ಲಿ ಒಂದು ತಂಡ ಅದನ್ನು ಗೆದ್ದಿತು. ಗೆದ್ದ ಮಾಡೆಲ್ ಪೂರ್ತಿಯಾಗಿ ಬಳಕೆಗೆ ಬರಲೇ ಇಲ್ಲ. ಹೆಚ್ಚಿದ ನಿಖರತೆ, ಅದನ್ನು ಅಳವಡಿಸುವ ಎಂಜಿನಿಯರಿಂಗ್ ಶ್ರಮಕ್ಕೆ ತಕ್ಕುದಲ್ಲವೆಂದು ಕಂಪನಿ ಹೇಳಿತು. ಟೈಟಾನಿಕ್ ಪ್ರಯಾಣಿಕರ ದತ್ತಾಂಶದ ಮೇಲೆ ಎಲ್ಲರೂ ಮಾಡುವ ಯೋಜನೆಗಿಂತ, ತಮ್ಮ ತಾಲ್ಲೂಕಿನ ಮಳೆಮಾಪನದ ಅಂಕಿಗಳನ್ನೋ ಎಪಿಎಂಸಿಯ ದಿನದ ಧಾರಣೆಯನ್ನೋ ಕಲೆಹಾಕಿ, ಅದರ ತಪ್ಪುಗಳನ್ನು ಪತ್ತೆ ಹಚ್ಚಿ ಬರೆದಿಟ್ಟ ಒಂದು ಯೋಜನೆ ಸಂದರ್ಶಕರಿಗೆ ಹೆಚ್ಚು ಹೇಳುತ್ತದೆ.

ನೇಮಕಾತಿ ಪದ್ಧತಿಗಳು ಎಷ್ಟು ಫಲ ಕೊಡುತ್ತವೆ ಎಂಬುದರ ಮೇಲೂ ದೀರ್ಘ ಸಂಶೋಧನೆ ನಡೆದಿದೆ. ದತ್ತಾಂಶವನ್ನೇ ನಂಬಿ ಬದುಕುವ ಈ ಉದ್ಯಮ ಅದನ್ನು ಸಾಕಷ್ಟು ಬಳಸಿಕೊಂಡಿಲ್ಲ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 19 ಆಯ್ಕೆ ವಿಧಾನಗಳನ್ನು ಹೋಲಿಸಿದರು. ಓದಿದ ವರ್ಷಗಳು, ಅನುಭವದ ವರ್ಷಗಳು ಮುಂದಿನ ಕೆಲಸದ ಗುಣಮಟ್ಟವನ್ನು ಬಹಳ ಕಡಿಮೆ ಸೂಚಿಸುತ್ತವೆಂದು ಅದರಲ್ಲಿ ಕಂಡುಬಂತು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಆ ಲೆಕ್ಕಗಳನ್ನು ತಿದ್ದಿ ನೋಡಿದಾಗ, ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ನಿಗದಿಯಾದ ಅಂಕಪದ್ಧತಿ ಇರುವ ಸಂದರ್ಶನ ಮೊದಲ ಸ್ಥಾನಕ್ಕೆ ಬಂತು. ಕೆಲಸದ ಸಾಧನೆಯೊಂದಿಗೆ ಅದರ ಸಹಸಂಬಂಧ 0.42. ವಿಷಯಜ್ಞಾನದ ಪರೀಕ್ಷೆ ಅದಕ್ಕೆ ತೀರ ಹತ್ತಿರ. ಕೆಲಸದ ತುಣುಕೊಂದನ್ನು ಮಾಡಿಸಿ ನೋಡುವ ಪರೀಕ್ಷೆಯೂ ಮೇಲಿನ ಸಾಲಿನಲ್ಲೇ ಇದೆ. ಮನಬಂದಂತೆ ಮಾತಾಡಿಸಿ, ಹಿಡಿಸಿದವರನ್ನು ಆರಿಸುವ ಸಂದರ್ಶನ ಬಹಳ ಕೆಳಗಿದೆ. 0.42 ಎಂಬುದೂ ದೊಡ್ಡ ಸಂಖ್ಯೆಯೇನಲ್ಲ. ಅತ್ಯುತ್ತಮ ಪದ್ಧತಿಯಲ್ಲೂ ಅರ್ಹರು ಹೊರಗುಳಿಯುತ್ತಾರೆ ಎಂಬುದನ್ನು ಸಂದರ್ಶಕರೂ ತಿರಸ್ಕೃತರೂ ನೆನಪಿಡಬೇಕು.

ಹೀಗಿರುವಾಗ ಕಾಲೇಜಿನ ಹೆಸರು ನೋಡಿ ಬಾಗಿಲಲ್ಲೇ ತಡೆಯುವುದು, ಹತ್ತನೆಯ ತರಗತಿಯಿಂದ ಎಲ್ಲದರಲ್ಲೂ ಶೇ. 60 ಇರಲೇಬೇಕೆನ್ನುವುದು, ಪದವಿಯ ನಂತರ ಒಂದು ವರ್ಷ ಬಿಡುವಿದ್ದರೆ ಅನರ್ಹರೆನ್ನುವುದು ಯಾವ ಪುರಾವೆಯ ಬಲದ ಮೇಲೆ ಎಂಬ ಪ್ರಶ್ನೆ ಏಳುತ್ತದೆ. ಮನೆಗೆ ಕಳಿಸುವ ಪರೀಕ್ಷಾ ಕೆಲಸ ಎರಡು ಮೂರು ಗಂಟೆಯದಾದರೆ ನ್ಯಾಯ. ಒಂದು ವಾರದ ದುಡಿಮೆಯನ್ನು ಪುಕ್ಕಟೆ ಪಡೆಯುವುದು ಶೋಷಣೆ. ಮನೆಯ ಹೊಣೆ ಹೊತ್ತ ಹೆಣ್ಣುಮಕ್ಕಳನ್ನೂ ಈಗಾಗಲೇ ಕೆಲಸದಲ್ಲಿರುವವರನ್ನೂ ಅದು ಮೊದಲು ಹೊರಗಿಡುತ್ತದೆ.

ಜರಡಿ ಹಿಡಿಯುವುದನ್ನು ಯಂತ್ರಕ್ಕೇ ವಹಿಸಿದರೆ ಪಕ್ಷಪಾತ ಹೋಗುತ್ತದೆಂಬ ನಂಬಿಕೆಯೂ ಪರೀಕ್ಷೆಗೆ ನಿಂತಿಲ್ಲ. ಅಮೆಜಾನ್ ಹತ್ತು ವರ್ಷಗಳ ರೆಸ್ಯೂಮೆಗಳಿಂದ ಕಲಿಸಿದ ಆಯ್ಕೆಯ ಮಾಡೆಲೊಂದನ್ನು ತಯಾರಿಸುತ್ತಿತ್ತು. ಆ ರೆಸ್ಯೂಮೆಗಳು ಹೆಚ್ಚಾಗಿ ಗಂಡಸರವು. ಮಹಿಳೆಯರ ಕಾಲೇಜು, ಮಹಿಳೆಯರ ಚೆಸ್ ತಂಡ ಎಂಬಂಥ ಪದಗಳಿದ್ದ ಅರ್ಜಿಗಳಿಗೆ ಮಾಡೆಲ್ ಅಂಕ ಕಡಿಮೆ ಮಾಡುತ್ತಿದ್ದುದು ಪತ್ತೆಯಾಗಿ ಕಂಪನಿ ಅದನ್ನು ಕೈಬಿಟ್ಟಿತೆಂದು 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ನ್ಯೂಯಾರ್ಕ್ ನಗರ 2023ರ ಜುಲೈ 5ರಿಂದ ಜಾರಿಗೆ ತಂದ ನಿಯಮದಂತೆ ಇಂಥ ಯಂತ್ರಗಳನ್ನು ಬಳಸುವ ಮುನ್ನ ಪಕ್ಷಪಾತದ ಸ್ವತಂತ್ರ ಪರಿಶೋಧನೆ ಆಗಿರಬೇಕು, ಅಭ್ಯರ್ಥಿಗೆ ತಿಳಿಸಬೇಕು. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯಿದೆ ನೇಮಕಾತಿಯ ಯಂತ್ರಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅರ್ಜಿದಾರರ ಮಾಹಿತಿಗೆ ರಕ್ಷಣೆ ಕೊಡುತ್ತದೆಯಾದರೂ, ಆಯ್ಕೆಯ ಯಂತ್ರದ ಪರಿಶೋಧನೆಯನ್ನು ಕಡ್ಡಾಯ ಮಾಡಿಲ್ಲ. ಜಗತ್ತಿನ ಕಂಪನಿಗಳ ನೇಮಕಾತಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುವ ಬೆಂಗಳೂರಿಗೆ ಅಂಥ ನಿಯಮದ ಅಗತ್ಯವಿದೆ.

ಕೊನೆಯ ಸುತ್ತು ಮಾತಿನದು. ವಿಶ್ಲೇಷಣೆಯ ಫಲವನ್ನು ಗಣಿತ ಬಾರದ ಅಧಿಕಾರಿಗೆ ತಿಳಿಹೇಳುವ ಶಕ್ತಿ ಈ ವೃತ್ತಿಗೆ ಬೇಕೇ ಬೇಕು. ಅದನ್ನು ಇಂಗ್ಲಿಷಿನ ಉಚ್ಚಾರಣೆಯೊಂದಿಗೆ ಬೆರೆಸುವುದು ಮಾತ್ರ ತಪ್ಪು. ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕ ವಿದ್ಯಾರ್ಥಿಗಳು ಸಂಭವನೀಯತೆಯ ಲೆಕ್ಕವನ್ನು ಸರಿಯಾಗಿ ಬಿಡಿಸಿ, ಅದನ್ನು ವಿವರಿಸುವಾಗ ಇಂಗ್ಲಿಷಿನಲ್ಲಿ ತಡವರಿಸುತ್ತಾರೆ. ತರಗತಿಯಲ್ಲೇ ಎರಡೂ ಭಾಷೆಗಳಲ್ಲಿ ಬಾಯಿಬಿಟ್ಟು ವಿವರಿಸುವ ರೂಢಿ ಹಾಕಿದರೆ ಈ ತೊಡಕು ಬಹುಮಟ್ಟಿಗೆ ಕಳೆಯುತ್ತದೆ. ಭೂದಾಖಲೆಯ ‘ಭೂಮಿ’, ರೈತರ ನೋಂದಣಿಯ ‘ಫ್ರೂಟ್ಸ್’, ಕುಟುಂಬಗಳ ಮಾಹಿತಿಯ ‘ಕುಟುಂಬ’ ಎಂಬ ರಾಜ್ಯದ ದತ್ತಾಂಶ ವ್ಯವಸ್ಥೆಗಳು ಕನ್ನಡದಲ್ಲಿ ಬದುಕುವ ಜನರವು. ಪಹಣಿಯ ಅಂಕಣಗಳನ್ನು ಓದಬಲ್ಲವರ ಸ್ಥಾನವನ್ನು ಅಲ್ಲಿ ಯಾವ ಯಂತ್ರವೂ ತುಂಬಲಾರದು.

ಕೋಡ್ ಬರೆಯುವ ಭಾಗವನ್ನು ಯಂತ್ರಗಳು ಹಂಚಿಕೊಂಡಂತೆಲ್ಲ, ಅವು ಕೊಟ್ಟ ಉತ್ತರವನ್ನು ಒಪ್ಪುವ ಅಥವಾ ತಳ್ಳಿಹಾಕುವ ಹೊಣೆ ಮನುಷ್ಯರ ಮೇಲೆ ಹೆಚ್ಚುತ್ತಿದೆ. ಆರ್ಡರುಗಳ ಸರಾಸರಿ 3 ಎಂದು ಯಂತ್ರ ಧೈರ್ಯವಾಗಿ ಹೇಳಿದಾಗ ಕಾಣೆಯಾದ 400 ಮಂದಿಯನ್ನು ನೆನೆಯುವವರು ಬೇಕು. ಇದನ್ನು ಕಲಿಸುವುದು ಕಾಲೇಜುಗಳಿಂದ ಸಾಧ್ಯ. ಡೇಟಾ ಸೈನ್ಸ್ ಶಾಖೆ ತೆರೆದಿರುವ ರಾಜ್ಯದ ಪ್ರತಿ ಕಾಲೇಜೂ ಸಂಖ್ಯಾಶಾಸ್ತ್ರದ ಅಧ್ಯಾಪಕರನ್ನು ಪೂರ್ಣಾವಧಿಗೆ ನೇಮಿಸಿಕೊಳ್ಳಬೇಕು, ಪರೀಕ್ಷೆಯಲ್ಲಿ ತಪ್ಪುಗಳಿರುವ ನಿಜವಾದ ದತ್ತಾಂಶವನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಕಂಪನಿಗಳು ತಮ್ಮ ಸಂದರ್ಶನದ ಮಾನದಂಡವನ್ನು ಬರೆದು ಪ್ರಕಟಿಸಬೇಕು. ಈ ಮೂರಕ್ಕೂ ಹೊಸ ಕಾನೂನು ಬೇಕಿಲ್ಲ, ಬರುವ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.